ಕೆರೆಗೋಡಿನ ಲೋಹ: ಬೆಳೆಗೆ ದಕ್ಕುವುದೆಷ್ಟು?

ಮಾನ್ಯ ಸಂಪಾದಕರೇ,

ಬೇಸಿಗೆ ಕಾಲಿಟ್ಟಿತೆಂದರೆ ನಮ್ಮ ಕೋಲಾರದ ಕಡೆ ಹೊಲಗಳಿಗೆ ಗೋಡು ಹೊಡೆಯುವ ಕೆಲಸ ಶುರುವಾಗುತ್ತದೆ. ಕೆರೆಯ ಅಂಗಳದಲ್ಲಿ ನೀರು ಹಿಂದೆ ಸರಿದ ಕಡೆ ಜೆಸಿಬಿ ಇಳಿಸಿ, ಕಪ್ಪನೆಯ ಹೂಳನ್ನು ಬಗೆದು, ಟ್ರ್ಯಾಕ್ಟರ್ ಟ್ರೇಲರ್‌ಗಳಲ್ಲಿ ತುಂಬಿಕೊಂಡು ಬಂದು ಹೊಲದಲ್ಲಿ ಗುಡ್ಡೆ ಹಾಕುತ್ತಾರೆ. ಗೋಡು ಬಿದ್ದ ಕೆಂಪು ಹೊಲ ಎರಡು ಮೂರು ವರ್ಷ ಬೇರೆ ಗೊಬ್ಬರ ಕೇಳುವುದಿಲ್ಲ ಎಂಬುದು ನಮ್ಮ ಹಿರಿಯರು ಕಂಡುಕೊಂಡ ಮಾತು, ಮತ್ತು ಅದು ಬಹುಮಟ್ಟಿಗೆ ನಿಜ. ಆದರೆ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ಕೊಳಚೆ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂದು, ಅಲ್ಲಿಂದ ಒಂದೊಂದೇ ಕೆರೆ ತುಂಬುತ್ತಾ ಹೋದ ಮೇಲೆ ಈ ಗೋಡಿನಲ್ಲಿ ವಿಷಲೋಹ ಸೇರಿಕೊಂಡು ಬೆಳೆಗೂ ಏರೀತೇ ಎಂಬ ಅನುಮಾನ ರೈತರಲ್ಲಿ ಹುಟ್ಟಿಕೊಂಡಿದೆ. ಆ ಅನುಮಾನವನ್ನು ಪರಿಹರಿಸಬೇಕಾದ ಪರೀಕ್ಷೆಗಳು ಅದನ್ನು ಪರಿಹರಿಸುತ್ತಿಲ್ಲ. ಏಕೆಂದರೆ ಅವು ಅಳೆಯುತ್ತಿರುವುದು ರೈತ ಕೇಳಿದ ಪ್ರಶ್ನೆಗೆ ಸಂಬಂಧಪಟ್ಟ ಅಂಕಿಯನ್ನೇ ಅಲ್ಲ. ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ಮೂರು ದಶಕ ದುಡಿದು ನಿವೃತ್ತನಾದವನಾಗಿ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದ್ದರೆ ಕ್ಷಮೆಯಿರಲಿ.

ನಮ್ಮ ಪಕ್ಕದ ಹೊಲದವರು ಈಚೆಗೆ ಒಂದು ಸಂಜೆ ಮನೆಗೆ ಬಂದು, ನಾಲ್ಕಾಗಿ ಮಡಚಿದ ಒಂದು ಹಾಳೆಯನ್ನು ಜೇಬಿನಿಂದ ತೆಗೆದು ನನ್ನ ಮುಂದೆ ಹಿಡಿದರು. ತಾವು ತಂದ ಗೋಡಿನ ಮಾದರಿಯನ್ನು ಕೈಯಿಂದ ದುಡ್ಡು ಕೊಟ್ಟು ಒಂದು ಖಾಸಗಿ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದ್ದರು. ಕ್ಯಾಡ್ಮಿಯಂ, ಸೀಸ, ನಿಕ್ಕಲ್, ಕ್ರೋಮಿಯಂ, ಸತು, ತಾಮ್ರ ಎಂದು ಆರು ಸಾಲು. ಪ್ರತಿಯೊಂದರ ಮುಂದೆ ಎರಡು ದಶಮಾಂಶದವರೆಗೆ ಅಂಕಿ. "ಸಾರ್, ಈ ಮಣ್ಣು ಹಾಕಿ ದಂಟಿನ ಸೊಪ್ಪು ಬೆಳೀಬೋದಾ, ಬೇಡ್ವಾ? ಅಷ್ಟು ಹೇಳಿ ಸಾಕು" ಎಂದರು. ಹಾಳೆಯನ್ನು ಎರಡು ಸಲ ಓದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಮಣ್ಣನ್ನು ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣದಲ್ಲಿ ಕುದಿಸಿ ಅಳೆದಿರುವುದಾಗಿ ಬರೆದಿತ್ತು. ಅದನ್ನು ನೋಡಿದ ಮೇಲೆ, ಅವರ ಪ್ರಶ್ನೆಗೆ ಆ ಹಾಳೆಯಿಂದ ಉತ್ತರ ಹೇಳಲು ಬರುವುದಿಲ್ಲ ಎಂದು ಒಪ್ಪಿಕೊಳ್ಳದೆ ನನಗೆ ಬೇರೆ ದಾರಿಯಿರಲಿಲ್ಲ. ಎರಡು ಸಾವಿರ ರೂಪಾಯಿ ಮೇಲೆ ಖರ್ಚು ಮಾಡಿದವರಿಗೆ ಹಾಗೆ ಹೇಳುವುದು ಸುಲಭವಲ್ಲ.

ಆ ಆಮ್ಲ ಮಿಶ್ರಣವೆಂದರೆ ಚಿನ್ನವನ್ನೂ ಕರಗಿಸುವಂಥದ್ದು. ಅದರಲ್ಲಿ ಮಣ್ಣನ್ನು ಕುದಿಸಿದರೆ ಮಣ್ಣಿನ ಕಣಗಳಿಗೆ ಸಡಿಲವಾಗಿ ಅಂಟಿಕೊಂಡ ಲೋಹ, ಕಬ್ಬಿಣದ ಆಕ್ಸೈಡಿನೊಳಗೆ ಹುದುಗಿದ ಲೋಹ, ಸಾವಯವ ವಸ್ತುವಿನ ಹಿಡಿತದಲ್ಲಿರುವ ಲೋಹ, ಶಿಲೆಯ ಹರಳಿನೊಳಗಿರುವ ಲೋಹದಲ್ಲಿ ಒಂದು ಪಾಲು, ಎಲ್ಲವೂ ಒಟ್ಟಿಗೆ ಹೊರಬಂದು ಒಂದೇ ಅಂಕಿಯಾಗಿ ಕಾಣಿಸಿಕೊಳ್ಳುತ್ತದೆ. ಅದನ್ನು ನಾವು ಒಟ್ಟು ಪ್ರಮಾಣ ಎನ್ನುತ್ತೇವೆ. ಆದರೆ ದಂಟಿನ ಬೇರು ಮಣ್ಣನ್ನು ಆಮ್ಲದಲ್ಲಿ ಕುದಿಸುವುದಿಲ್ಲ. ತನ್ನ ಸುತ್ತಲಿನ ಮಣ್ಣಿನ ನೀರಿನಲ್ಲಿ ಕರಗಿರುವುದನ್ನು, ಮತ್ತು ಆ ನೀರಿನಿಂದ ಒಂದಷ್ಟು ಖಾಲಿಯಾದ ಕೂಡಲೇ ಕಣಗಳ ಮೇಲ್ಮೈಯಿಂದ ಬಿಟ್ಟುಕೊಂಡು ಬಂದು ಸೇರುವುದನ್ನು ಮಾತ್ರ ಅದು ಹೀರಬಲ್ಲದು. ಒಟ್ಟು ಪ್ರಮಾಣಕ್ಕೂ ಈ ದಕ್ಕುವ ಪ್ರಮಾಣಕ್ಕೂ ನಡುವೆ ಇರುವ ಅಂತರ ಒಂದೊಂದು ಮಣ್ಣಿನಲ್ಲಿ ಒಂದೊಂದು ರೀತಿ, ಒಂದೊಂದು ಲೋಹಕ್ಕೆ ಒಂದೊಂದು ರೀತಿ.

ನಮ್ಮ ರಾಜ್ಯದಲ್ಲೇ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲಿ, ಬೈರಾಪುರದ ಕ್ರೋಮೈಟ್ ಗಣಿಯ ಆಸುಪಾಸಿನಂಥ ಕಡೆಗಳಲ್ಲಿ, ಮಣ್ಣು ಹುಟ್ಟಿರುವುದೇ ಕ್ರೋಮಿಯಂ ಮತ್ತು ನಿಕ್ಕಲ್ ಹೇರಳವಾಗಿರುವ ಶಿಲೆಯಿಂದ. ಅಂಥ ಮಣ್ಣಿನ ಒಟ್ಟು ಕ್ರೋಮಿಯಂ ಅಂಕಿಯನ್ನು ಮಾತ್ರ ನೋಡಿದವರು ಅಲ್ಲಿ ರಾಗಿ ಬೆಳೆಯುವುದನ್ನೇ ನಿಲ್ಲಿಸಬೇಕೆಂದು ತೀರ್ಪು ಕೊಟ್ಟಾರು. ಆದರೆ ಕ್ರೋಮೈಟ್ ಹರಳೊಳಗಿನ ಕ್ರೋಮಿಯಂ ಬೇರಿನ ಪಾಲಿಗೆ ಬೀಗ ಹಾಕಿದ ಪೆಟ್ಟಿಗೆಯೊಳಗಿನ ಹಣವಿದ್ದಂತೆ. ಅದೇ ಕ್ರೋಮಿಯಂ ಲೇಪನದ ಕಾರ್ಖಾನೆಯೊಂದರ ತೊಳೆನೀರಿನಲ್ಲಿ ಸುಲಭವಾಗಿ ಕರಗುವ, ವಿಷಕಾರಿಯಾದ ಹೆಕ್ಸಾವೇಲೆಂಟ್ ರೂಪದಲ್ಲಿ ಬಂದರೆ, ಒಟ್ಟು ಅಂಕಿ ಬೈರಾಪುರದ್ದಕ್ಕಿಂತ ಎಷ್ಟೋ ಕಡಿಮೆಯಿದ್ದರೂ ಅಪಾಯ ಹೆಚ್ಚು. ಒಟ್ಟು ಪ್ರಮಾಣ ಹೀಗೆ ಒಂದು ಕಡೆ ವಿನಾಕಾರಣ ಹೆದರಿಸುತ್ತದೆ, ಇನ್ನೊಂದು ಕಡೆ ವಿನಾಕಾರಣ ಧೈರ್ಯ ಹೇಳುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಒಂದು ಎಕರೆಯ ಮೇಲ್ಮಣ್ಣು ಅರ್ಧ ಅಡಿ ಆಳಕ್ಕೆ ಸುಮಾರು 900 ಟನ್ ತೂಗುತ್ತದೆ. ಆ ಮಣ್ಣಿನಲ್ಲಿ ಕಿಲೋಗೆ 1 ಮಿಲಿಗ್ರಾಂ ಕ್ಯಾಡ್ಮಿಯಂ ಇದೆಯೆಂದು ಇಟ್ಟುಕೊಂಡರೆ ಎಕರೆಗೆ ಸುಮಾರು 900 ಗ್ರಾಂ ಆಯಿತು. ಸೊಪ್ಪು ತರಕಾರಿಗೆ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಹಾಕಿರುವ ಮಿತಿ, ಹಸಿ ತೂಕದಲ್ಲಿ ಕಿಲೋಗೆ 0.2 ಮಿಲಿಗ್ರಾಂ. ಆ ಎಕರೆಯಲ್ಲಿ 10 ಟನ್ ಸೊಪ್ಪು ಬಂದು, ಅದು ಸರಿಯಾಗಿ ಆ ಮಿತಿಯ ಗೆರೆಯ ಮೇಲೆಯೇ ನಿಂತಿತೆಂದರೂ, ಸೊಪ್ಪಿನ ಜೊತೆ ಹೊಲದಿಂದ ಹೊರಹೋದ ಕ್ಯಾಡ್ಮಿಯಂ ಬರೀ 2 ಗ್ರಾಂ. ಅಂದರೆ 900 ಗ್ರಾಂನಲ್ಲಿ 2 ಗ್ರಾಂ ಬೇರಿಗೆ ದಕ್ಕಿದರೂ ಸಾಕು, ಸೊಪ್ಪು ಮಿತಿ ಮುಟ್ಟುತ್ತದೆ. ಉಳಿದ 898 ಗ್ರಾಂ ಇದ್ದಲ್ಲೇ ಇರುತ್ತದೆ. ನಮ್ಮ ವರದಿಗಳು ಹೇಳುವುದು 900ರ ಕಥೆ. ಊಟದ ತಟ್ಟೆಗೆ ಸಂಬಂಧಪಟ್ಟಿರುವುದು ಆ 2 ಗ್ರಾಂ.

ಈ ವ್ಯತ್ಯಾಸ ನಮ್ಮ ಕೃಷಿ ಇಲಾಖೆಗೆ ಹೊಸದೇನಲ್ಲ. ರಂಜಕದ ವಿಷಯದಲ್ಲಿ ಇದನ್ನು ಎಷ್ಟೋ ವರ್ಷಗಳಿಂದ ಒಪ್ಪಿಕೊಂಡೇ ಬಂದಿದ್ದೇವೆ. ಮಣ್ಣು ಆರೋಗ್ಯ ಚೀಟಿಯನ್ನು ತೆಗೆದು ನೋಡಿ: ಅಲ್ಲಿರುವುದು 'ಲಭ್ಯ ರಂಜಕ', 'ಲಭ್ಯ ಪೊಟ್ಯಾಷ್'. ಕೆಂಪು ಮಣ್ಣಿನಲ್ಲಿ ಒಟ್ಟು ರಂಜಕ ಸಾಕಷ್ಟಿದ್ದರೂ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅದನ್ನು ಹಿಡಿದಿಟ್ಟುಕೊಂಡಿರುತ್ತವೆ ಎಂಬುದು ಯಾವ ಕೃಷಿ ಅಧಿಕಾರಿಗೂ ಗೊತ್ತು. ಅದಕ್ಕೇ ಹುಳಿ ಮಣ್ಣಿಗೆ ಒಂದು ದ್ರಾವಣ, ಕ್ಷಾರ ಮಣ್ಣಿಗೆ ಇನ್ನೊಂದು ದ್ರಾವಣ ಬಳಸಿ ಲಭ್ಯ ಭಾಗವನ್ನಷ್ಟೇ ಅಳೆಯುತ್ತೇವೆ. 2015ರ ಫೆಬ್ರವರಿಯಲ್ಲಿ ರಾಜಸ್ಥಾನದ ಸೂರತ್‌ಗಢದಲ್ಲಿ ಚಾಲನೆ ಪಡೆದ ಈ ಚೀಟಿಯ ಹನ್ನೆರಡು ಅಂಶಗಳಲ್ಲಿ ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕದ ಜೊತೆಗೆ ಸತು, ಕಬ್ಬಿಣ, ಮ್ಯಾಂಗನೀಸ್, ತಾಮ್ರ, ಬೋರಾನ್ ಇವೆ. ಕ್ಯಾಡ್ಮಿಯಂ ಇಲ್ಲ, ಸೀಸ ಇಲ್ಲ, ನಿಕ್ಕಲ್ ಇಲ್ಲ. ಹೊಲಕ್ಕೆ ಹಾಕುವ ನಗರದ ಕಾಂಪೋಸ್ಟ್‌ನಲ್ಲಿ ಕಿಲೋಗೆ 5 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಡ್ಮಿಯಂ, 100 ಮಿಲಿಗ್ರಾಂಗಿಂತ ಹೆಚ್ಚು ಸೀಸ ಇರಬಾರದೆಂದು 1985ರ ರಸಗೊಬ್ಬರ ನಿಯಂತ್ರಣ ಆದೇಶದಡಿ ಮಿತಿ ಇದೆ. ಆದರೆ ಅದೇ ಹೊಲಕ್ಕೆ ಟ್ರ್ಯಾಕ್ಟರ್‌ಗಟ್ಟಲೆ ಬೀಳುವ ಗೋಡಿಗೆ ಯಾರೂ ಯಾವ ಪರೀಕ್ಷೆಯನ್ನೂ ಕೇಳುವುದಿಲ್ಲ.

ಲೋಹ ಬೆಳೆಗೆ ದಕ್ಕುವುದನ್ನು ನಿರ್ಧರಿಸುವ ಸಂಗತಿಗಳಲ್ಲಿ ಮೊದಲನೆಯದು ಮಣ್ಣಿನ ರಸಸಾರ. ಹುಳಿ ಹೆಚ್ಚಿದಂತೆ ಕಣಗಳ ಮೇಲ್ಮೈಯಲ್ಲಿ ಕೂತ ಕ್ಯಾಡ್ಮಿಯಂ, ಸತು, ನಿಕ್ಕಲ್‌ಗಳನ್ನು ಹೈಡ್ರೋಜನ್ ಅಯಾನುಗಳು ತಳ್ಳಿ ನೀರಿಗಿಳಿಸುತ್ತವೆ. ರಸಸಾರ 7ರಿಂದ 6ಕ್ಕೆ ಇಳಿದರೆ ನೀರಿನಲ್ಲಿ ಕರಗಿರುವ ಕ್ಯಾಡ್ಮಿಯಂ ಹಲವು ಪಟ್ಟು ಏರಬಹುದು. ಹಾಗಾಗಿ ಸುಣ್ಣದಂಶವಿರುವ ವಿಜಯಪುರದ ಎರೆ ಮಣ್ಣಿನಲ್ಲಿ ಗಟ್ಟಿಯಾಗಿ ಕೂತಿರುವ ಅದೇ ಪ್ರಮಾಣದ ಕ್ಯಾಡ್ಮಿಯಂ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಿ ಸಡಿಲವಾಗಿ ಓಡಾಡುತ್ತದೆ. ನಮ್ಮ ಕೋಲಾರದ ಕೆಂಪು ಮಣ್ಣು ಇವೆರಡರ ನಡುವೆ ಎಲ್ಲೋ ಇರುತ್ತದೆ, ಮತ್ತು ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಬದಲಾಗುತ್ತದೆ. ಎರಡನೆಯದು ಲವಣ. ಕೊಳಚೆ ನೀರಿನಿಂದ ಬಂದ ನೀರಿನಲ್ಲಿ ಕ್ಲೋರೈಡ್ ಇದ್ದೇ ಇರುತ್ತದೆ, ಸಂಸ್ಕರಣೆಯಿಂದ ಅದು ಹೋಗುವುದಿಲ್ಲ. ಕ್ಲೋರೈಡ್ ಕ್ಯಾಡ್ಮಿಯಂ ಜೊತೆ ಕೂಡಿಕೊಂಡು ಅದನ್ನು ಕಣಗಳಿಂದ ಬಿಡಿಸಿ ಬೇರಿನತ್ತ ಸಾಗಿಸುತ್ತದೆ ಎಂಬುದನ್ನು ದಕ್ಷಿಣ ಆಸ್ಟ್ರೇಲಿಯಾದ ಆಲೂಗಡ್ಡೆ ಹೊಲಗಳಲ್ಲಿ 1990ರ ದಶಕದಲ್ಲೇ ಕಂಡುಕೊಂಡಿದ್ದಾರೆ. ಮೂರನೆಯದು ಸತು. ಬೇರು ಕ್ಯಾಡ್ಮಿಯಂ ಅನ್ನು ಬಹುಮಟ್ಟಿಗೆ ಸತುವಿನ ಬಾಗಿಲಿನಿಂದಲೇ ಒಳಗೆ ಬಿಟ್ಟುಕೊಳ್ಳುತ್ತದೆ. ಮಣ್ಣಿನಲ್ಲಿ ಸತು ಕೊರತೆಯಿದ್ದರೆ ಆ ಬಾಗಿಲು ಇನ್ನಷ್ಟು ಅಗಲವಾಗಿ ತೆರೆದಿರುತ್ತದೆ. ನಮ್ಮ ರಾಜ್ಯದ ಎಷ್ಟೋ ಹೊಲಗಳಲ್ಲಿ ಸತುವಿನ ಕೊರತೆ ಇರುವುದು ಚೀಟಿಗಳಿಂದಲೇ ಗೊತ್ತಾಗಿರುವ ಸಂಗತಿ. ಇವಾವುದೂ ಒಟ್ಟು ಪ್ರಮಾಣದ ಅಂಕಿಯಲ್ಲಿ ಕಾಣಿಸುವುದಿಲ್ಲ.

ಬೆಳೆಯ ಜಾತಿಯೂ ಮುಖ್ಯ. ಪಾಲಕ್, ದಂಟು, ಹರಿವೆಗಳು ಕ್ಯಾಡ್ಮಿಯಂ ಅನ್ನು ಎಲೆಗೆ ಏರಿಸಿಕೊಳ್ಳುವಷ್ಟು ಟೊಮೆಟೊ ಹಣ್ಣಿಗಾಗಲಿ, ಹುರುಳಿಕಾಯಿಗಾಗಲಿ ಏರಿಸಿಕೊಳ್ಳುವುದಿಲ್ಲ. ಸೀಸದ ಕಥೆಯೇ ಬೇರೆ: ಅದು ಬೇರಿನಲ್ಲೇ ನಿಂತುಬಿಡುತ್ತದೆ, ಸೊಪ್ಪಿನಲ್ಲಿ ಕಾಣುವ ಸೀಸ ಬಹಳ ಸಲ ಎಲೆಗೆ ಮೆತ್ತಿಕೊಂಡ ಮಣ್ಣು ಮತ್ತು ರಸ್ತೆಯ ಧೂಳು. ಸತು, ತಾಮ್ರ ಅತಿಯಾದರೆ ಗಿಡವೇ ಸೊರಗಿ ಎಚ್ಚರಿಕೆ ಕೊಡುತ್ತದೆ. ಕ್ಯಾಡ್ಮಿಯಂ ಹಾಗಲ್ಲ; ಗಿಡ ಹಸಿರಾಗಿ, ಸೊಂಪಾಗಿ, ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆಗೆ ಹೋಗುವಂತೆಯೇ ಇದ್ದು, ಉಣ್ಣುವವರ ಮೂತ್ರಪಿಂಡಕ್ಕೆ ಸಾಕಾಗುವಷ್ಟು ಲೋಹವನ್ನು ಹೊತ್ತಿರಬಲ್ಲದು.

ಜಪಾನಿನ ತೊಯಾಮಾ ಪ್ರಾಂತ್ಯದ ಜಿಂಜೂ ನದಿಯ ಕೆಳದಂಡೆಯಲ್ಲಿ ಆದದ್ದು ಇದೇ. ಕಾಮಿಯೋಕಾ ಗಣಿಯ ಕ್ಯಾಡ್ಮಿಯಂ ನದಿಯ ನೀರಿನೊಂದಿಗೆ ಗದ್ದೆಗಿಳಿದು, ಅಕ್ಕಿಯ ಮೂಲಕ ಮೈಸೇರಿ, ಮೂಳೆ ಮೆತ್ತಗಾಗಿ ನರಳುವ 'ಇತಾಯ್ ಇತಾಯ್' ಕಾಯಿಲೆ ತಂದಿತು. ಅಲ್ಲಿನ ಸರ್ಕಾರ ಅದನ್ನು ಮಾಲಿನ್ಯದ ರೋಗವೆಂದು 1968ರಲ್ಲಿ ಒಪ್ಪಿಕೊಂಡಿತು. ನಮಗೆ ಇಲ್ಲಿ ಬೇಕಾದ್ದು ಆಮೇಲಿನ ಸಂಗತಿ. 1970ರಲ್ಲಿ ಕೃಷಿ ಭೂಮಿಯ ಮಾಲಿನ್ಯ ತಡೆಗೆ ಕಾನೂನು ತಂದಾಗ, ಯಾವ ಗದ್ದೆಯನ್ನು ಕಲುಷಿತವೆಂದು ಘೋಷಿಸಬೇಕೆಂಬುದಕ್ಕೆ ಜಪಾನೀಯರು ಮಣ್ಣಿನ ಒಟ್ಟು ಕ್ಯಾಡ್ಮಿಯಂ ಅನ್ನು ಅಳತೆಗೋಲಾಗಿ ಇಟ್ಟುಕೊಳ್ಳಲಿಲ್ಲ. ಆ ಗದ್ದೆಯಲ್ಲಿ ಬೆಳೆದ ಅಕ್ಕಿಯಲ್ಲಿರುವ ಕ್ಯಾಡ್ಮಿಯಂ ಅನ್ನೇ ಅಳತೆಗೋಲಾಗಿ ಇಟ್ಟರು: ಮೊದಲು ಕಿಲೋಗೆ 1 ಮಿಲಿಗ್ರಾಂ, 2010ರಿಂದ 0.4 ಮಿಲಿಗ್ರಾಂ. ತಾಮ್ರಕ್ಕೆ ಮಣ್ಣನ್ನೇ ನೋಡಿದರೂ, ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬಿಟ್ಟುಕೊಡುವ ಭಾಗಕ್ಕಷ್ಟೇ ಮಿತಿ ಹಾಕಿದರು.

ಸ್ವಿಟ್ಜರ್ಲೆಂಡ್ 1998ರ ತನ್ನ ಮಣ್ಣಿನ ನಿಯಮದಲ್ಲಿ ಒಟ್ಟು ಪ್ರಮಾಣದ ಪಕ್ಕದಲ್ಲಿ ಸೋಡಿಯಂ ನೈಟ್ರೇಟ್ ದ್ರಾವಣದಲ್ಲಿ ಕರಗುವ ಪ್ರಮಾಣಕ್ಕೂ ಬೇರೆ ಮಿತಿ ಕೊಟ್ಟಿತು. ಜರ್ಮನಿಯ 1999ರ ನಿಯಮ ಇನ್ನೂ ನೇರ. ಗೋಧಿ ಮತ್ತು ಕ್ಯಾಡ್ಮಿಯಂ ಹೆಚ್ಚು ಹೀರುವ ತರಕಾರಿ ಬೆಳೆಯುವ ಹೊಲವಾದರೆ, ಅಮೋನಿಯಂ ನೈಟ್ರೇಟ್ ದ್ರಾವಣದಲ್ಲಿ ಮಣ್ಣು ಬಿಟ್ಟುಕೊಡುವ ಕ್ಯಾಡ್ಮಿಯಂ ಕಿಲೋಗೆ 0.04 ಮಿಲಿಗ್ರಾಂ ದಾಟಿದರೆ ಕ್ರಮ ಕೈಗೊಳ್ಳಬೇಕು. ಉಳಿದ ಬೆಳೆಗಳಿಗೆ ಆ ಮಿತಿ 0.1. ಅಂದರೆ ಮಣ್ಣು ಯಾವುದು, ಬೆಳೆ ಯಾವುದು ಎಂಬ ಎರಡೂ ಪ್ರಶ್ನೆಗಳು ಆ ಒಂದು ಅಂಕಿಯೊಳಗೆ ಬಂದುಬಿಡುತ್ತವೆ. ವಿಧಾನವೇನೂ ದೊಡ್ಡದಲ್ಲ: 20 ಗ್ರಾಂ ಮಣ್ಣಿಗೆ 50 ಮಿಲಿಲೀಟರ್ ದ್ರಾವಣ ಸೇರಿಸಿ, ಎರಡು ಗಂಟೆ ಅಲುಗಾಡಿಸಿ, ಸೋಸಿ, ಅಳೆಯುವುದು.

ನಮ್ಮ ಪ್ರಯೋಗಾಲಯಗಳಲ್ಲಿ ಇಂಥದೇ ಒಂದು ಕೆಲಸ ದಿನವೂ ನಡೆಯುತ್ತಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಚೀಟಿಗೆ ಬೇಕಾದ ಸತು, ಕಬ್ಬಿಣ, ಮ್ಯಾಂಗನೀಸ್, ತಾಮ್ರಗಳನ್ನು ನಾವು ಡಿಟಿಪಿಎ ಎಂಬ ದ್ರಾವಣದಿಂದ ತೆಗೆಯುತ್ತೇವೆ. ಅಮೆರಿಕದ ಕೊಲರಾಡೋದ ಲಿಂಡ್ಸೆ ಮತ್ತು ನಾರ್ವೆಲ್ 1978ರಲ್ಲಿ ಪ್ರಕಟಿಸಿದ ವಿಧಾನವದು. 10 ಗ್ರಾಂ ಮಣ್ಣು, 20 ಮಿಲಿಲೀಟರ್ ದ್ರಾವಣ, ಎರಡು ಗಂಟೆ ಶೇಕರ್ ಮೇಲೆ. ಸೋಸಿ ಬಂದ ತಿಳಿಯನ್ನು, ಬೆಳಕಿನ ಸಹಾಯದಿಂದ ಲೋಹ ಅಳೆಯುವ ಎಎಎಸ್ ಯಂತ್ರಕ್ಕೆ ಕೊಟ್ಟರೆ ಸತುವಿನ ಅಂಕಿ ಬರುತ್ತದೆ, ಕಿಲೋಗೆ 0.6 ಮಿಲಿಗ್ರಾಂಗಿಂತ ಕಡಿಮೆ ಬಂದರೆ 'ಕೊರತೆ' ಎಂದು ಬರೆಯುತ್ತೇವೆ. ಆ ಬಾಟಲಿಯ ತಿಳಿಯಲ್ಲಿ ಸತುವಿನ ಜೊತೆಗೇ ಕ್ಯಾಡ್ಮಿಯಂ, ನಿಕ್ಕಲ್, ಸೀಸವೂ ಬಂದಿರುತ್ತವೆ. ಎಎಎಸ್ ಯಂತ್ರದಲ್ಲಿ ಒಂದೊಂದು ಲೋಹಕ್ಕೆ ಒಂದೊಂದು ದೀಪ ಬೇಕು. ನಾನು ಕಂಡ ಪ್ರಯೋಗಾಲಯಗಳಲ್ಲಿ ಇದ್ದದ್ದು ನಾಲ್ಕು ದೀಪ, ಚೀಟಿಯಲ್ಲಿರುವ ನಾಲ್ಕು ಲೋಹಕ್ಕೆ. ಉಳಿದ ತಿಳಿಯನ್ನು ಸಂಜೆ ಸಿಂಕಿಗೆ ಸುರಿದು ಬಾಟಲಿ ತೊಳೆಯುತ್ತಿದ್ದೆವು. ವರ್ಷಗಟ್ಟಲೆ ನಾನೇ ಸುರಿದಿದ್ದೇನೆ.

ಆದರೆ ಕ್ಯಾಡ್ಮಿಯಂ ದೀಪ ಒಂದು ಕೊಂಡುಬಿಟ್ಟರೆ ಎಲ್ಲ ಮುಗಿಯಿತು ಎಂದು ನಾನು ಹೇಳುತ್ತಿಲ್ಲ. ಡಿಟಿಪಿಎ ವಿಧಾನ ಹುಟ್ಟಿದ್ದು ಸುಣ್ಣದಂಶವಿರುವ ಮಣ್ಣಿನಲ್ಲಿ ಪೋಷಕಾಂಶದ ಕೊರತೆ ಹುಡುಕುವುದಕ್ಕೆ, ವಿಷದ ಹೆಚ್ಚಳ ಹುಡುಕುವುದಕ್ಕಲ್ಲ. ಆ ದ್ರಾವಣದ ರಸಸಾರವನ್ನು 7.3ಕ್ಕೆ ಕಟ್ಟಿಹಾಕಿರುತ್ತಾರೆ. ಮಣ್ಣು ಹುಳಿಯಿರಲಿ, ಸುಣ್ಣವಿರಲಿ, ಬಾಟಲಿಯೊಳಗೆ ಹೋದ ಮೇಲೆ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ರಸಸಾರ. ಲೋಹದ ದಕ್ಕುವಿಕೆಯನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವ ಗುಣವನ್ನೇ ಅಳತೆಗೆ ಮುಂಚೆ ಅಳಿಸಿಹಾಕಿದಂತಾಯಿತು. ರೈತನೊಬ್ಬ ಹುಳಿ ಮಣ್ಣಿಗೆ ಸುಣ್ಣ ಹಾಕಿ ಸೊಪ್ಪಿನ ಕ್ಯಾಡ್ಮಿಯಂ ಅನ್ನು ಇಳಿಸಿದ್ದರೂ ಡಿಟಿಪಿಎ ಅಂಕಿ ಅಷ್ಟಾಗಿ ಇಳಿಯದೆ ಹೋಗಬಹುದು. ಮೇಲಾಗಿ ಅದು ಲೋಹವನ್ನು ಬಿಗಿಯಾಗಿ ಕಚ್ಚಿ ಎಳೆಯುವ ದ್ರಾವಣ, ಬೇರು ಒಂದು ಹಂಗಾಮಿನಲ್ಲಿ ಮುಟ್ಟಲಾರದ್ದನ್ನೂ ಎಳೆದು ತರುತ್ತದೆ. ಇದಕ್ಕೆ ಹೋಲಿಸಿದರೆ 0.01 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್‌ನಂಥ ತೆಳುವಾದ ತಟಸ್ಥ ಲವಣದ ದ್ರಾವಣ ಮಣ್ಣಿನ ರಸಸಾರವನ್ನು ಇದ್ದಂತೆಯೇ ಬಿಡುತ್ತದೆ, ಮಣ್ಣಿನ ನೀರನ್ನು ಬಹಳಷ್ಟು ಹೋಲುತ್ತದೆ, ಮತ್ತು ಅದರಲ್ಲಿ ಬಂದ ಕ್ಯಾಡ್ಮಿಯಂ ಸೊಪ್ಪಿನ ಕ್ಯಾಡ್ಮಿಯಂ ಜೊತೆ ಹೆಚ್ಚು ಚೆನ್ನಾಗಿ ತಾಳೆಯಾಗುತ್ತದೆ. ತೊಂದರೆ ಒಂದೇ: ಬರುವ ಪ್ರಮಾಣ ತೀರಾ ಕಡಿಮೆ. ಸಾಮಾನ್ಯ ಜ್ವಾಲೆಯ ಎಎಎಸ್‌ಗೆ ಅದು ಸಿಗುವುದಿಲ್ಲ. ಅದಕ್ಕಿಂತ ಎಷ್ಟೋ ಸೂಕ್ಷ್ಮವಾಗಿ ಅಳೆಯುವ, ಗ್ರಾಫೈಟ್ ಫರ್ನೇಸ್ ಇರುವ ಯಂತ್ರವೋ ಐಸಿಪಿ-ಎಂಎಸ್ ಯಂತ್ರವೋ ಬೇಕು. ತಾಲ್ಲೂಕು ಮಟ್ಟದಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ, ಆದರೆ ವಿಶ್ವವಿದ್ಯಾಲಯದ ಮಟ್ಟದಲ್ಲಿ ನಿರೀಕ್ಷಿಸಬಹುದು.

ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ 1990ರ ದಶಕದಲ್ಲಿ ರೂಪುಗೊಂಡ ಡಿಜಿಟಿ ಎಂಬ ಇನ್ನೊಂದು ಉಪಾಯವೂ ಇದೆ. ಗುಂಡಿಯ ಆಕಾರದ ಪ್ಲಾಸ್ಟಿಕ್ ಬಿಲ್ಲೆಯೊಳಗೆ ತೆಳುವಾದ ಜೆಲ್, ಅದರ ಹಿಂದೆ ಲೋಹ ಹಿಡಿಯುವ ರಾಳದ ಪದರ. ಒದ್ದೆ ಮಣ್ಣಿನ ಮೇಲೆ ಒಂದು ದಿನ ಇಟ್ಟರೆ ಅದು ಬೇರಿನಂತೆಯೇ ತನ್ನ ಪಕ್ಕದ ನೀರಿನಿಂದ ಲೋಹ ಎಳೆದುಕೊಳ್ಳುತ್ತಾ, ಖಾಲಿಯಾದದ್ದನ್ನು ಮಣ್ಣು ಎಷ್ಟು ಬೇಗ ತುಂಬಿಕೊಡುತ್ತದೆ ಎಂಬುದನ್ನೂ ದಾಖಲಿಸುತ್ತದೆ. ಬಹಳ ಚಂದದ ಯೋಚನೆ. ಸಂಶೋಧನೆಗೆ ಸರಿ, ಸಾವಿರಾರು ಹೊಲಗಳ ಚೀಟಿಗೆ ಸದ್ಯಕ್ಕೆ ದುಬಾರಿ.

ಗೋಡಿನ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಅಲ್ಲಿ ಇನ್ನೊಂದು ತೊಡಕಿದೆ. ಕೊಳಚೆಯಲ್ಲಿರುವ ಲೋಹದಲ್ಲಿ ಬಹುಪಾಲು ಸಂಸ್ಕರಣಾ ಘಟಕದ ಕೆಸರಿನಲ್ಲೇ ಉಳಿಯುತ್ತದೆ. ದ್ವಿತೀಯ ಹಂತದವರೆಗೆ ಸಂಸ್ಕರಿಸಿದ ನೀರಿನಲ್ಲಿ ಕರಗಿ ಬರುವುದು ಅಲ್ಪವೇ, ಅದಕ್ಕೇ ನೀರಿನ ಪರೀಕ್ಷೆಯ ಫಲಿತಾಂಶ ಸಾಮಾನ್ಯವಾಗಿ ಮಿತಿಯೊಳಗೆ ಇರುತ್ತದೆ. ಅಧಿಕಾರಿಗಳು ಆ ಫಲಿತಾಂಶ ತೋರಿಸಿ ನೀರು ಸುರಕ್ಷಿತ ಎನ್ನುತ್ತಾರೆ, ಹೋರಾಟಗಾರರು ತೃತೀಯ ಹಂತದ ಸಂಸ್ಕರಣೆಯಾಗದೆ ಬಿಡಬಾರದು ಎನ್ನುತ್ತಾರೆ. ಎರಡು ಕಡೆಯವರೂ ನೀರಿನ ಬಗ್ಗೆಯೇ ಮಾತಾಡುತ್ತಿದ್ದಾರೆ. ಯೋಜನೆಯ ಘೋಷಿತ ಉದ್ದೇಶ ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸುವುದು. ದಿನಕ್ಕೆ 440 ದಶಲಕ್ಷ ಲೀಟರ್ ಸಾಮರ್ಥ್ಯದ ಯೋಜನೆಯೆಂದ ಮೇಲೆ ಲೀಟರಿಗೆ ಅಲ್ಪವೆನಿಸಿದ್ದು ವರ್ಷಗಳ ಲೆಕ್ಕದಲ್ಲಿ ಕೆರೆಯ ತಳದಲ್ಲಿ ಕೂಡಿಕೊಳ್ಳುತ್ತದೆ. ಆ ತಳವನ್ನೇ ಅಲ್ಲವೇ ನಾವು ಬೇಸಿಗೆಯಲ್ಲಿ ಬಗೆದು ಹೊಲಕ್ಕೆ ಹಾಕುವುದು?

ನೀರಿನಡಿಯ ಕಪ್ಪು ಗೋಡಿನಲ್ಲಿ ಗಾಳಿಯಾಡುವುದಿಲ್ಲ. ಅಲ್ಲಿ ಕ್ಯಾಡ್ಮಿಯಂ, ಸತುಗಳು ಗಂಧಕದೊಂದಿಗೆ ಕೂಡಿ ಸಲ್ಫೈಡ್ ಆಗಿ ಗಟ್ಟಿಯಾಗಿ ಕೂತಿರುತ್ತವೆ. ಗೋಡು ಬಗೆದಾಗ ಬರುವ ಕೊಳೆತ ಮೊಟ್ಟೆಯಂಥ ವಾಸನೆ ಅದರ ಗುರುತು. ಆ ಸ್ಥಿತಿಯಲ್ಲಿ ಮಾದರಿ ತೆಗೆದು ಹಸಿಯಾಗಿಯೇ ಪರೀಕ್ಷಿಸಿದರೆ ದಕ್ಕುವ ಕ್ಯಾಡ್ಮಿಯಂ ಬಹಳ ಕಡಿಮೆ ಕಾಣಿಸುತ್ತದೆ. ಹೊಲದಲ್ಲಿ ಹರಡಿ, ಬಿಸಿಲಿಗೆ ಒಣಗಿ, ಒಂದೆರಡು ಮಳೆ ಬಿದ್ದ ಮೇಲೆ ಗಂಧಕ ಉತ್ಕರ್ಷಣಗೊಂಡು ಆಮ್ಲವಾಗುತ್ತದೆ, ಲೋಹ ಬಿಡುಗಡೆಯಾಗುತ್ತದೆ. ಜಪಾನಿನ ರೈತರು ಭತ್ತ ತೆನೆಯೊಡೆಯುವ ಹೊತ್ತಿಗೆ ಹಿಂದೆ ಮುಂದೆ ಮೂರು ಮೂರು ವಾರ ಗದ್ದೆಯಲ್ಲಿ ನೀರು ನಿಲ್ಲಿಸಿಕೊಳ್ಳುವುದು ಇದೇ ರಸಾಯನದ ಭಯದಿಂದ. ಅಂದಹಾಗೆ ಆರ್ಸೆನಿಕ್‌ಗೆ ಇದು ತಿರುಗುಮುರುಗು, ನೀರು ನಿಂತರೆ ಅದು ಹೆಚ್ಚು ದಕ್ಕುತ್ತದೆ. ಒಂದು ಲೋಹಕ್ಕೆ ಹೇಳಿದ ಮದ್ದನ್ನು ಇನ್ನೊಂದಕ್ಕೆ ಹಚ್ಚುವಂತಿಲ್ಲ. ಆದ್ದರಿಂದ ಗೋಡನ್ನು ಕೆರೆಯಲ್ಲಿ ಒಮ್ಮೆ, ಹೊಲಕ್ಕೆ ಹಾಕಿ ಒಂದು ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಅಳೆಯದ ಹೊರತು ಅದರ ಬಗ್ಗೆ ಯಾರೂ ಖಚಿತವಾಗಿ ಮಾತಾಡಲಾಗದು. ಬೈರಮಂಗಲ ಕೆರೆಯ ಕೆಳಗೆ, ಬೆಂಗಳೂರಿನ ಕೊಳಚೆ ಹೊತ್ತು ಬರುವ ವೃಷಭಾವತಿಯ ನೀರನ್ನು ದಶಕಗಳಿಂದ ನೇರವಾಗಿ ಹೊಲಕ್ಕೆ ಹಾಯಿಸುತ್ತಿರುವ ರೈತರ ಪರಿಸ್ಥಿತಿ ನಮಗಿಂತ ಗಂಭೀರವಾದದ್ದು, ಈ ಅಳತೆ ಅಲ್ಲಿಗೆ ಇನ್ನೂ ಮೊದಲು ಬೇಕಾಗಿತ್ತು.

ಅಳತೆಯ ಶುಚಿಯ ಬಗ್ಗೆಯೂ ಒಂದು ಮಾತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ವಾರವಿಡೀ ಬಂದ ಮಾದರಿಗಳಲ್ಲೆಲ್ಲ ಸತು ಧಾರಾಳವಾಗಿ ಕಾಣಿಸಿಕೊಂಡಿತು. ಕೊರತೆಯ ಊರಿನ ಮಣ್ಣಿನಲ್ಲೂ ಸತುವೇ ಸತು. ಕೊನೆಗೆ ಮಣ್ಣೇ ಹಾಕದ ಬರೀ ದ್ರಾವಣದ ಬಾಟಲಿಯನ್ನು ಓದಿಸಿದರೆ ಅದರಲ್ಲೂ ಸತು! ಪ್ಲಾಸ್ಟಿಕ್ ಮುಚ್ಚಳ ಮುಗಿದಿತ್ತೆಂದು ಯಾರೋ ರಬ್ಬರ್ ಬಿರಡೆ ಹಾಕಿದ್ದರು, ರಬ್ಬರಿನಲ್ಲಿ ಸತುವಿನ ಆಕ್ಸೈಡ್ ಇರುತ್ತದೆ. ಮಿಲಿಗ್ರಾಂನ ನೂರನೇ ಒಂದು ಭಾಗದ ಮೇಲೆ ತೀರ್ಪು ನಿಂತಿರುವ ಕೆಲಸದಲ್ಲಿ ಹಿತ್ತಾಳೆಯ ಜರಡಿ, ಸತುವಿನ ಲೇಪನವಿರುವ ಬುಟ್ಟಿ, ತುಕ್ಕು ಹಿಡಿದ ಗುದ್ದಲಿ ಎಲ್ಲವೂ ತಮ್ಮ ಪಾಲನ್ನು ಸೇರಿಸುತ್ತವೆ. ಆದ್ದರಿಂದ ಯಾವ ವರದಿಯಲ್ಲಾದರೂ ಖಾಲಿ ದ್ರಾವಣದ ಅಂಕಿಯನ್ನೂ, ಪ್ರಮಾಣ ಗೊತ್ತಿರುವ ಆಕರ ಮಣ್ಣಿನ ಅಂಕಿಯನ್ನೂ ಜೊತೆಗೆ ಕೊಡದಿದ್ದರೆ ಅದನ್ನು ನಾನಂತೂ ನಂಬುವುದಿಲ್ಲ.

ಜಿಲ್ಲಾಡಳಿತ ಮತ್ತು ಕೃಷಿ, ತೋಟಗಾರಿಕೆ ಇಲಾಖೆಗಳಲ್ಲಿ ನನ್ನ ಕೋರಿಕೆ ಇಷ್ಟು. ಸಂಸ್ಕರಿತ ನೀರು ಬಂದಿರುವ ಕೆರೆಗಳಲ್ಲಿ ಒಂದಿಪ್ಪತ್ತು, ಅದು ಬಾರದ ಕೆರೆಗಳಲ್ಲಿ ಒಂದೈದನ್ನು ಆರಿಸಿಕೊಂಡು, ಅವುಗಳ ಗೋಡನ್ನೂ, ಆ ಗೋಡು ಬಿದ್ದ ಹೊಲದ ಮಣ್ಣನ್ನೂ, ಅದೇ ಹೊಲದ ಅದೇ ಸಾಲಿನಿಂದ ಕಿತ್ತ ಸೊಪ್ಪು, ಟೊಮೆಟೊ, ರಾಗಿ ಮತ್ತು ಮೇವಿನ ಹುಲ್ಲನ್ನೂ ಜೋಡಿ ಜೋಡಿಯಾಗಿ ಪರೀಕ್ಷಿಸಬೇಕು. ಮಣ್ಣಿನಲ್ಲಿ ಒಟ್ಟು ಪ್ರಮಾಣ, ಡಿಟಿಪಿಎ, ಕ್ಯಾಲ್ಸಿಯಂ ಕ್ಲೋರೈಡ್ ಈ ಮೂರನ್ನೂ ಅಳೆದು, ಜೊತೆಗೆ ರಸಸಾರ, ಕ್ಲೋರೈಡ್, ಸಾವಯವ ಇಂಗಾಲವನ್ನು ಬರೆದಿಟ್ಟುಕೊಂಡರೆ, ಎರಡು ಮೂರು ಹಂಗಾಮಿನಲ್ಲಿ ನಮ್ಮ ಕೆಂಪು ಮಣ್ಣಿಗೆ ಯಾವ ದ್ರಾವಣದ ಅಂಕಿ ಬೆಳೆಯ ಅಂಕಿಯೊಂದಿಗೆ ತಾಳೆಯಾಗುತ್ತದೆ ಎಂಬುದು ಗೊತ್ತಾಗುತ್ತದೆ. ಜರ್ಮನಿಯ 0.04 ಜರ್ಮನಿಯ ಮಣ್ಣಿಗೆ ಹೇಳಿದ್ದು. ಅದನ್ನು ಎರವಲು ತಂದು ಇಲ್ಲಿ ಅಂಟಿಸಿದರೆ ಈಗ ಮಾಡುತ್ತಿರುವ ತಪ್ಪನ್ನೇ ಇನ್ನೊಂದು ರೂಪದಲ್ಲಿ ಮಾಡಿದಂತಾಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ, ನಮ್ಮದೇ ಟಮಕದ ತೋಟಗಾರಿಕೆ ಕಾಲೇಜು ಇಷ್ಟು ಹತ್ತಿರದಲ್ಲಿರುವಾಗ ಇದು ಆಗದ ಕೆಲಸವಲ್ಲ.

ಇಂಥ ಪರೀಕ್ಷೆ ಮಾಡಿಸಿದರೆ ಸುದ್ದಿ ಹಬ್ಬಿ ಕೋಲಾರದ ಟೊಮೆಟೊಗೆ ಬೆಲೆ ಬಿದ್ದೀತು ಎಂಬ ಅಳುಕು ಕೆಲವರಿಗಿದೆ, ರೈತ ಮುಖಂಡರೊಬ್ಬರು ನನ್ನ ಮುಂದೆಯೇ ಹಾಗೆ ಹೇಳಿದರು. ಅಳುಕು ಅರ್ಥವಾಗುವಂಥದ್ದೇ. ಆದರೆ ಅಳತೆಯಿಲ್ಲದೆ ಹರಡುವ ಗಾಳಿಸುದ್ದಿಗೆ ಎದುರಾಗಿ ತೋರಿಸಲು ಈಗ ನಮ್ಮ ಬಳಿ ಏನೂ ಇಲ್ಲ. ಟೊಮೆಟೊ ಹಣ್ಣಿಗೆ ಕ್ಯಾಡ್ಮಿಯಂ ಸುಲಭವಾಗಿ ಏರುವುದಿಲ್ಲವೆಂಬ ಸಂಗತಿಯನ್ನು ನಮ್ಮದೇ ಹೊಲದ ಅಂಕಿಗಳಿಂದ ತೋರಿಸಲು ಸಾಧ್ಯವಾದರೆ ಅದರಿಂದ ಲಾಭ ರೈತನಿಗೇ. ಸೊಪ್ಪಿನಲ್ಲಿ ಏರುತ್ತಿರುವುದು ಕಂಡುಬಂದರೆ ಆ ಹೊಲದಲ್ಲಿ ಸೊಪ್ಪಿನ ಬದಲು ಹಿಪ್ಪುನೇರಳೆಯನ್ನೋ ಹೂವನ್ನೋ ಹಾಕಬಹುದು, ಸುಣ್ಣ, ಕಾಂಪೋಸ್ಟ್, ಸತುವಿನ ಸಲ್ಫೇಟ್ ಕೊಟ್ಟು ನೋಡಬಹುದು. ಹೊಲವನ್ನು ಪಾಳು ಬಿಡಬೇಕಾದ ಸಂದರ್ಭ ಅಪರೂಪ.

ನಮ್ಮ ನೆರೆಯವರಿಗೆ ನಾನು ಕೊಟ್ಟ ಸಲಹೆ, ಗೋಡನ್ನು ಈ ವರ್ಷ ಸೊಪ್ಪಿನ ಮಡಿಗೆ ಹಾಕದೆ ಮಾವಿನ ತೋಟದ ಕಡೆ ಹಾಕಿಕೊಳ್ಳಿ ಎಂದು. ಅವರಿಗೆ ಮಾವಿನ ತೋಟವಿಲ್ಲ. ಹದಿನಾರು ಟ್ರ್ಯಾಕ್ಟರ್ ಗೋಡು ಅವರ ಬದುವಿನ ಪಕ್ಕದಲ್ಲಿ ರಾಶಿಯಾಗಿ ಒಣಗುತ್ತಿದೆ, ಮುಂಗಾರು ಬೀಳುವುದರೊಳಗೆ ಅವರು ಅದನ್ನು ಹರಡಲೇಬೇಕು. ಅಷ್ಟರೊಳಗೆ ಯಾವುದಾದರೂ ಇಲಾಖೆಯವರು ಬಂದು ಒಂದು ಕಿಲೋ ಮಾದರಿ ತೆಗೆದುಕೊಂಡು ಹೋಗುವುದಾದರೆ, ಪ್ಲಾಸ್ಟಿಕ್ ಬುಟ್ಟಿ, ಮರದ ಸಲಿಕೆ ಮತ್ತು ನೈಲಾನ್ ಜರಡಿ ನನ್ನ ಮನೆಯಲ್ಲಿ ತೊಳೆದಿಟ್ಟವು ಇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮಣ್ಣು ಪರೀಕ್ಷಕ,
ಕೋಲಾರ ತಾಲ್ಲೂಕು